ಐವಿಎಫ್ ಜೊತೆಗೆ ಚೀನೀ ಔಷಧ ತೆಗೆದುಕೊಂಡರೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆಯೇ?

ಮುಂದಿನ ತಿಂಗಳು ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಆರಂಭ, ಸಿಂಗಪುರದ ಗೆಳತಿಯರೆಲ್ಲ ಚೀನೀ ವೈದ್ಯರನ್ನು ಕಾಣು ಎನ್ನುತ್ತಿದ್ದಾರೆ, ಸೂಜಿ (ಅಕ್ಯುಪಂಕ್ಚರ್) ಒಳ್ಳೆಯದೋ ಮೂಲಿಕೆಯೋ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಇದೇ ಊರಿನಲ್ಲಿ ನಾನು ಎರಡನ್ನೂ ಮಾಡಿಸಿಕೊಂಡೆ. ಚೀನೀ ವೈದ್ಯೆ ಎರಡೂ ಕೈಗಳ ನಾಡಿ ಹಿಡಿದು, ನಾಲಿಗೆ ನೋಡಿ, ನಿದ್ದೆ ಹೇಗೆ, ಪಾದ ತಣ್ಣಗಿರುತ್ತದೆಯೇ, ಮುಟ್ಟಿನ ಬಣ್ಣವೇನು ಎಂದೆಲ್ಲ ವಿಚಾರಿಸಿದರು; ಅಲ್ಲಿಯವರೆಗೆ ಸ್ಕ್ಯಾನ್ ಪರದೆಯ ಮೇಲಿನ ಅಳತೆಯಷ್ಟೇ ಆಗಿದ್ದ ನನಗೆ ಆ ವಿಚಾರಣೆಯೇ ಅರ್ಧ ಚಿಕಿತ್ಸೆಯಂತಿತ್ತು. ವಾರಕ್ಕೊಮ್ಮೆ ಸೂಜಿ, ಹೊಟ್ಟೆಗೆ ನಮ್ಮ ಮಾಚಿಪತ್ರೆಯ ಬಳಗದ ಒಣ ಎಲೆಯ ಬತ್ತಿಯಿಂದ ಶಾಖ, ಮನೆಯಲ್ಲಿ ಬಿಸಿನೀರಿಗೆ ಕದಡಿ ಕುಡಿಯಲು ‘ಸಿ ವೂ ತಾಂಗ್’ ಎಂಬ ನಾಲ್ಕು ಮೂಲಿಕೆಗಳ ಪುಡಿ.

ನಾನು ಕೆಟ್ಟದ್ದು ಆ ಪುಡಿಯಲ್ಲಿ. ಆಸ್ಪತ್ರೆಯ ನಮೂನೆಯಲ್ಲಿ ‘ಈಗ ಸೇವಿಸುತ್ತಿರುವ ಔಷಧಗಳು’ ಎಂಬ ಜಾಗವನ್ನು ಖಾಲಿ ಬಿಟ್ಟೆ. ಮುಚ್ಚಿಡಬೇಕೆಂಬ ಉದ್ದೇಶವಿರಲಿಲ್ಲ, ಜೀರಿಗೆ ಕಷಾಯ, ಅಮೃತಬಳ್ಳಿಯ ರಸ ಕುಡಿದು ಬೆಳೆದ ನನಗೆ ಬೇರು ತೊಗಟೆಗಳ ಪುಡಿ ಔಷಧವೆಂದು ತೋರಲೇ ಇಲ್ಲ. ಜೊತೆಗೆ, ವೈದ್ಯರು ನಕ್ಕಾರೆಂಬ ಸಂಕೋಚವೂ ಇತ್ತು. ಐವಿಎಫ್‌ನ ಇಂಜೆಕ್ಷನ್ ಶುರುವಾದೊಡನೆ ಬಂದು ತೋರಿಸಬೇಕೆಂದು ಚೀನೀ ವೈದ್ಯೆ ಹೇಳಿದ್ದರೂ ಹೋಗದೆ, ಉಳಿದ ಪೊಟ್ಟಣಗಳನ್ನು ಕುಡಿಯುತ್ತಲೇ ಇದ್ದೆ. ಅಷ್ಟರಲ್ಲಿ ಆಸ್ಪತ್ರೆಯವರು ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ಆಸ್ಪಿರಿನ್ ಸೇರಿಸಿದ್ದರು. ಆ ಪುಡಿಯಲ್ಲಿರುವ ದಾಂಗ್‌ಗ್ವೇ ಬೇರು ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧದೊಂದಿಗೆ ಕೂಡಿದರೆ ರಕ್ತಸ್ರಾವದ ಭಯವಿದೆ ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ, ನನಗೆ ಗೊತ್ತಿರಲಿಲ್ಲ. ಅಂಡಾಣು ತೆಗೆದ ಮೇಲೆ ಹೊಟ್ಟೆಯೊಳಗೆ ರಕ್ತ ಜಿನುಗಿ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು; ಭ್ರೂಣಗಳನ್ನು ಗರ್ಭಕೋಶಕ್ಕೆ ವರ್ಗಾಯಿಸದೆ ಶೈತ್ಯೀಕರಿಸಿದರು. ಬೇರೇನಾದರೂ ತೆಗೆದುಕೊಂಡಿದ್ದೀರಾ ಎಂದು ಕೇಳಿದಾಗಲೂ ಇಲ್ಲವೆಂದೆ. ಹಾಗಾಗಿ ಅವರು ತಪ್ಪನ್ನೆಲ್ಲ ಆಸ್ಪಿರಿನ್ ಮೇಲೆ ಹೊರಿಸಿದರು, ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿಸಿದರು, ವರ್ಗಾವಣೆ ತಿಂಗಳುಗಟ್ಟಲೆ ಮುಂದೆ ಹೋಯಿತು. ಕಾರಣ ಪುಡಿಯೇ ಎಂದು ಇಂದು ಯಾರೂ ಖಚಿತವಾಗಿ ಹೇಳಲಾರರು, ಏಕೆಂದರೆ ಹೇಳಬಹುದಾಗಿದ್ದ ಸಮಯದಲ್ಲಿ ನಾನು ಬಾಯಿ ಬಿಡಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಯಶಸ್ಸು ಹೆಚ್ಚಿಸಿಕೊಳ್ಳಲೆಂದು ಹೋಗುವುದಾದರೆ ಹೋಗಲೇಬೇಡಿ. ಗೆಳತಿಯರು ಹೇಳುವ ಮಾತಿನ ಮೂಲ 2002ರ ಒಂದು ಜರ್ಮನ್ ಅಧ್ಯಯನ: 160 ಮಹಿಳೆಯರಲ್ಲಿ ವರ್ಗಾವಣೆಯ ಮುನ್ನ ಮತ್ತು ನಂತರ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 42.5ರಷ್ಟು ಮಂದಿಗೆ ಗರ್ಭ ನಿಂತರೆ ಉಳಿದವರಲ್ಲಿ ಶೇ. 26.3. ಆದರೆ 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ–ನ್ಯೂಜಿಲೆಂಡ್‌ನ ಅಧ್ಯಯನದಲ್ಲಿ 848 ಮಹಿಳೆಯರ ಪೈಕಿ ಒಂದು ಗುಂಪಿಗೆ ನಿಜವಾದ ಸೂಜಿ, ಇನ್ನೊಂದಕ್ಕೆ ಚರ್ಮದೊಳಗೆ ಇಳಿಯದ ಹುಸಿ ಸೂಜಿ ಹಾಕಿ ನೋಡಿದಾಗ ಮಗು ಹುಟ್ಟಿದ ಪ್ರಮಾಣ ಶೇ. 18.3 ಮತ್ತು ಶೇ. 17.8. ವ್ಯತ್ಯಾಸವೆನ್ನುವಷ್ಟು ಅದಲ್ಲ. ನನ್ನ ಮುಂದಿನ ವರ್ಗಾವಣೆಯ ಹೊತ್ತಿಗೆ ಆಸ್ಪತ್ರೆಯವರಿಗೆ ತಿಳಿಸಿಯೇ ಸೂಜಿ ಮಾತ್ರ ಮಾಡಿಸಿಕೊಂಡೆ, ಗರ್ಭವೂ ನಿಂತಿತು. ಅದರ ಕೀರ್ತಿಯನ್ನು ನಾನು ಸೂಜಿಗೆ ಕೊಡುವುದಿಲ್ಲ. ಸೂಜಿ ನನಗೆ ಕೊಟ್ಟದ್ದು ಆ ರಾತ್ರಿಗಳ ನಿದ್ದೆಯನ್ನು. ನಿಮಗೂ ಅದೇ ಬೇಕಿದ್ದರೆ ಹಣ ವ್ಯರ್ಥವಲ್ಲ.

ಆರೈಕೆಯ ಹೆಸರಿನಲ್ಲಿ ಹೊಸ ವ್ರತಗಳನ್ನು ಹೇರಿಕೊಳ್ಳಬೇಡಿ. ತಣ್ಣೀರು ಮುಟ್ಟಬಾರದು, ವರ್ಗಾವಣೆಯ ನಂತರ ಮಲಗಿಯೇ ಇರಬೇಕು ಎಂದು ಹೇಳುವವರು ಎರಡೂ ದೇಶಗಳಲ್ಲಿ ಸಿಗುತ್ತಾರೆ, ನನಗೆ ನಮ್ಮತ್ತೆಯವರೇ ಸಾಕಾಗಿದ್ದರು. ಹಾಸಿಗೆ ಹಿಡಿದು ಮಲಗುವುದರಿಂದ ಭ್ರೂಣಕ್ಕೆ ಲಾಭವಿಲ್ಲ. ಸಂಜೆ ನಡೆಯಿರಿ, ಫೋಲಿಕ್ ಆಸಿಡ್ ತಪ್ಪಿಸಬೇಡಿ, ಚೀನೀ ಕೆಂಪು ಖರ್ಜೂರದ ಚಹಾ ಇಷ್ಟವಾದರೆ ರುಚಿಗಾಗಿ ಕುಡಿಯಿರಿ.

ಮೂಲಿಕೆ ಬೇಕೇ ಬೇಕು ಎನಿಸಿದರೆ, ಸಿಂಗಪುರದಲ್ಲಿ 2000ದ ಕಾನೂನಿನಡಿ ನೋಂದಾಯಿತರಾದ ಚೀನೀ ವೈದ್ಯರನ್ನಷ್ಟೇ ಕಾಣಿರಿ, ಪೊಟ್ಟಣದಲ್ಲಿರುವ ಪ್ರತಿಯೊಂದು ಮೂಲಿಕೆಯ ಹೆಸರನ್ನು ಬರೆಸಿಕೊಳ್ಳಿರಿ, ಆ ಚೀಟಿಯನ್ನು ಐವಿಎಫ್ ವೈದ್ಯರ ಮೇಜಿನ ಮೇಲಿಟ್ಟು ಅವರು ಸರಿ ಎನ್ನುವವರೆಗೆ ಪೊಟ್ಟಣವನ್ನು ಒಡೆಯಬೇಡಿ. ಆಸ್ಪತ್ರೆಯವರು ಹೊಸ ಮಾತ್ರೆ ಕೊಟ್ಟ ದಿನವೂ ಅದೇ ಚೀಟಿಯನ್ನು ಮತ್ತೆ ತೋರಿಸಿರಿ.