ಅಕ್ಕನ ಹೆಸರಿನ ಮುಂದೆ ಮೊತ್ತವಿಲ್ಲ

ವಿಯೆಟ್ನಾಂ ಬಿಟ್ಟರೆ ವಿಯೆಟ್ನಾಮಿಗರು ಅತಿ ಹೆಚ್ಚಾಗಿ ನೆಲೆಸಿರುವ ಊರುಗಳಲ್ಲಿ ನಾನಿರುವ ಅಮೆರಿಕದ ಸ್ಯಾನ್ ಹೋಸೆಯೂ ಒಂದು. ತವರಿಗೆ ಟಿಕೆಟ್ ತೆಗೆದುಕೊಂಡ ಮೇಲೆ ನಿದ್ದೆ ಕೆಟ್ಟು ಸಲಹೆ ಕೇಳಲು ನನ್ನ ಬಳಿ ಬರುವವರು ಆಗಾಗ ಸಿಗುತ್ತಾರೆ. ಹಾಗೆ ಬಂದವರೊಬ್ಬರ ವಿಷಯವನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಐವತ್ತು ದಾಟಿದ ಹೆಂಗಸು, ಸ್ವಂತ ನೇಲ್ ಸಲೂನ್ ಇದೆ. 1979ರಲ್ಲಿ ವಿಯೆಟ್ನಾಮಿನ ಕಮ್ಯುನಿಸ್ಟ್ ಆಳ್ವಿಕೆಯಿಂದ ತಪ್ಪಿಸಿಕೊಂಡು ಅಪ್ಪ ಅಮ್ಮನ ಜೊತೆ ದೋಣಿ ಹತ್ತಿ ಮಲೇಷ್ಯಾದ ಪುಲಾವ್ ಬಿಡಾಂಗ್ ದ್ವೀಪ ಸೇರಿದಾಗ ಇನ್ನೂ ಎಂಟು ವರ್ಷ. ಆ ಪುಟ್ಟ ದ್ವೀಪದಲ್ಲಿ ಆಗ ಸುಮಾರು 40,000 ನಿರಾಶ್ರಿತರಿದ್ದರು. ದೋಣಿಯವರು ತಲೆಗಿಷ್ಟು ಎಂದು ಚಿನ್ನ ಕೇಳುತ್ತಿದ್ದರು. ಮನೆಯಲ್ಲಿದ್ದ ಚಿನ್ನ ಮೂವರಿಗಷ್ಟೇ ಸಾಕಾಯಿತು. ಹದಿನಾಲ್ಕರ ಅಕ್ಕ ದಕ್ಷಿಣ ವಿಯೆಟ್ನಾಮಿನ ಬೆನ್ ತ್ರೆಯಲ್ಲಿ ಅಜ್ಜಿಯ ಹತ್ತಿರ ಉಳಿದಳು. ಕಾಗದಪತ್ರ ಮಾಡಿಸಿ ಕರೆಸಿಕೊಳ್ಳುವಷ್ಟರಲ್ಲಿ ಆಕೆಗೆ ಮದುವೆಯಾಗಿತ್ತು, ಮದುವೆಯಾದ ಮಕ್ಕಳ ವೀಸಾ ಸಾಲು ಮುಂದೆ ಸರಿಯುವುದೇ ಕಷ್ಟ. 1995ರಲ್ಲಿ ಅಮೆರಿಕ ಮತ್ತು ವಿಯೆಟ್ನಾಂ ರಾಜತಾಂತ್ರಿಕ ಸಂಬಂಧ ಬೆಳೆಸಿದ ಮೇಲೆ ಅಕ್ಕಪಕ್ಕದವರೆಲ್ಲ ಹೋಗಿಬಂದರು. ಇವರ ಅಪ್ಪ ಮಾತ್ರ, ಆ ಕಮ್ಯುನಿಸ್ಟ್ ಬಾವುಟ ಹಾರುತ್ತಿರುವವರೆಗೂ ನಮ್ಮ ಮನೆಯವರು ಅಲ್ಲಿ ಕಾಲಿಡಕೂಡದು ಎಂದು ಹಟ ಹಿಡಿದಿದ್ದರು. ಅವರು ತೀರಿಕೊಂಡ ಮೇಲೆಯೇ ಹೊರಡುವ ಮಾತು ಬಂದದ್ದು.

ಒಂದು ದಿನ ಸಲೂನಿನ ಲೆಕ್ಕದ ಪುಸ್ತಕವನ್ನೇ ತಂದರು. ಹಿಂದಿನ ಪುಟಗಳಲ್ಲಿ ಚಿಕ್ಕಮ್ಮಂದಿರು, ಸೋದರಮಾವಂದಿರು, ಅವರ ಮಕ್ಕಳು, ಮೊಮ್ಮಕ್ಕಳ ಹೆಸರು. ಪ್ರತಿ ಹೆಸರಿನ ಮುಂದೆ ಇಷ್ಟು ಡಾಲರ್, ಇಷ್ಟು ವಿಟಮಿನ್ ಡಬ್ಬಿ, ಹಸಿರು ನೋವಿನೆಣ್ಣೆಯ ಸೀಸೆ ಎಷ್ಟು ಅಂತ ಬರೆದಿದ್ದರು. ಅಕ್ಕನ ಹೆಸರು ಎಲ್ಲಕ್ಕಿಂತ ಮೇಲಿತ್ತು. ಅದರ ಮುಂದೆ ಏನೂ ಇರಲಿಲ್ಲ.

"ಇಲ್ಲಿ?" ಎಂದೆ.

"ಎಷ್ಟು ಬರೆದರೂ ಹೊಡೆದುಹಾಕಬೇಕು ಅನ್ನಿಸುತ್ತೆ."

ಸುಮ್ಮನಿದ್ದೆ. ಅವರೇ ಮುಂದುವರಿಸಿದರು. "ಒಂದು ಸಲ ಬೈದುಬಿಟ್ಟಿದ್ದರೆ ಸಾಕಿತ್ತು. ಇಷ್ಟು ವರ್ಷದಲ್ಲಿ ಯಾವತ್ತೂ ಬೈದಿಲ್ಲ. ಫೋನ್ ಎತ್ತಿದ ತಕ್ಷಣ ಊಟ ಆಯ್ತಾ ಅಂತಾಳೆ, ಅಷ್ಟೇ. ಹೋದ ದಿನವೇ ಎಲ್ಲರೆದುರು ಅವಳ ಕಾಲು ಹಿಡಿದು ಕ್ಷಮಿಸು ಅಂದುಬಿಡುತ್ತೇನೆ. ಬಾಯಿಪಾಠ ಮಾಡಿಕೊಂಡಿದ್ದೇನೆ."

ಬೇಡ ಎಂದೆ. ಇಷ್ಟು ನೇರವಾಗಿ ನಾನು ಸಾಮಾನ್ಯವಾಗಿ ಹೇಳುವುದಿಲ್ಲ.

ಕ್ಷಮೆ ಕೇಳಿದ ಕೂಡಲೇ ಎದುರಿನವರು ಉತ್ತರ ಕೊಡಲೇಬೇಕು. ಅಂಗಳದ ತುಂಬ ನೆಂಟರು ನೋಡುತ್ತಿರುವಾಗ ಅರವತ್ತರ ಆ ಹೆಂಗಸು 'ಹೋಗಲಿ ಬಿಡು' ಅನ್ನದೆ ಇನ್ನೇನು ಅಂದಾಳು? ಹದಿನಾಲ್ಕನೇ ವಯಸ್ಸಿನಲ್ಲಿ ಆಕೆಯನ್ನು ಯಾರೂ ಏನೂ ಕೇಳಲಿಲ್ಲ. ಈಗ ಕೇಳುವುದಾದರೂ ಒಂದೇ ಉತ್ತರಕ್ಕೆ ಜಾಗವಿರುವ ಪ್ರಶ್ನೆ. ಅದೂ ಅಲ್ಲದೆ, ಎಂಟು ವರ್ಷದ ಮಗು ಯಾವ ತಪ್ಪಿಗೆ ಕ್ಷಮೆ ಕೇಳಬೇಕು? ಚಿನ್ನದ ಲೆಕ್ಕ ಹಾಕಿದವರು ದೊಡ್ಡವರು.

ಹಾಗಾಗಿ ನಾನು ಹೇಳಿದ್ದು ಇಷ್ಟು. ಅವರ ಹೊಸ ವರ್ಷದ ಟೆಟ್ ಹಬ್ಬಕ್ಕೆ ಹೋಗಬೇಡಿ, ಆಗ ಮನೆ ತುಂಬ ಅತಿಥಿಗಳು, ಕೈಗೆ ಕೈಗೆ ದುಡ್ಡಿಟ್ಟ ಕೆಂಪು ಲಕೋಟೆ. ಅಜ್ಜಿಯ ತಿಥಿಗೆ ಹೋಗಿ. ಅವರಲ್ಲೂ ತಿಥಿ ಬರುವುದು ಚಾಂದ್ರಮಾನದ ಲೆಕ್ಕದಲ್ಲೇ, ಇಡೀ ಬಳಗ ಸೇರುತ್ತದೆ, ಅಡುಗೆಮನೆಯಲ್ಲಿ ಕೈತುಂಬ ಕೆಲಸವಿರುತ್ತದೆ. ಬಾಳೆಲೆಯಲ್ಲಿ ಅಂಟಕ್ಕಿ ಸುತ್ತುತ್ತಾ ಕೂತರೆ ಮುಖ ನೋಡಿಕೊಂಡೇ ಮಾತಾಡಬೇಕಿಲ್ಲ. ಅಕ್ಕನಿಗೆ ಲಕೋಟೆ ಬೇಡ. ಅವಳಿಂದ ಏನಾದರೂ ಕೇಳಿ ಪಡೆಯಿರಿ: ಅಜ್ಜಿಯ ಸಮಾಧಿಗೆ ಕರೆದುಕೊಂಡು ಹೋಗು ಅನ್ನಿ, ಆ ಸಾರು ಹೇಗೆ ಮಾಡ್ತೀಯ ಅನ್ನಿ. ಡಾಲರ್ ಬರುತ್ತಾ ಬರುತ್ತಾ ಆಕೆ ಬರೀ ತೆಗೆದುಕೊಳ್ಳುವವಳಾಗಿಬಿಟ್ಟಿದ್ದಾಳೆ. ಕೊಡುವ ಸರದಿ ಈಗ ಆಕೆಯದಾಗಲಿ. ಎರಡು ಮೂರು ರಾತ್ರಿಗಾದರೂ ಹೋಟೆಲಿನಲ್ಲಿ ರೂಮ್ ಇರಲಿ.

ಹೋಟೆಲ್ ಮಾತು ಕೇಳಿ ನನ್ನ ಸಹೋದ್ಯೋಗಿಯೊಬ್ಬರು ಸಿಡುಕಿದರು, ಏಷ್ಯಾದ ಮನೆಗಳಲ್ಲಿ ಅದು ಅವಮಾನ ಎಂದರು. ಅವಮಾನ ಹೌದು, ನಮ್ಮಲ್ಲೂ ಹೌದು. ಬೆಂಗಳೂರಿಗೆ ಬಂದು ಅಣ್ಣನ ಮನೆ ಬಿಟ್ಟು ಲಾಡ್ಜಿಗೆ ಹೋದರೆ ಬಿಟ್ಟಾರೆಯೇ? ಆದರೆ ಅಳುವುದಕ್ಕೂ ಬಾಗಿಲು ಹಾಕಿಕೊಳ್ಳುವ ಜಾಗವಿಲ್ಲದೆ, ವಾರದೊಳಗೆ ಜಗಳವಾಡಿ ವಾಪಸ್ಸಾದವರನ್ನು ನಾನು ನೋಡಿದ್ದೇನೆ. ಕ್ಷಮೆಗೆ ಅಡ್ಡ ಬಂದೆ ಎಂಬ ಆಕ್ಷೇಪವೂ ಬಂತು. ನಾನು ಬೇಡವೆಂದದ್ದು ಹೋದ ದಿನವೇ, ಊರೆದುರು ಕೇಳುವ ಕ್ಷಮೆಯನ್ನು.

ಹೋಗಿಬಂದು ಅವರು ಹೇಳಿದ ಸಂಗತಿಯಲ್ಲಿ ಅಪ್ಪುಗೆ, ಕಣ್ಣೀರು ಕಡಿಮೆ. ತಿಥಿಯ ಮರುದಿನ ಎಲ್ಲರನ್ನೂ ಹೋಟೆಲಿಗೆ ಊಟಕ್ಕೆ ಕರೆದೊಯ್ದು ಇವರು ಬಿಲ್ಲಿಗೆ ಕೈ ಹಾಕಿದ್ದಾರೆ. ಅಕ್ಕ ಕೈ ಮೇಲೆ ಹೊಡೆದು, "ಇಲ್ಲಿ ನಾನು ದೊಡ್ಡವಳು. ದುಡ್ಡಿದೆ ಅಂತ ಅದನ್ನೂ ಕಿತ್ತುಕೊಳ್ತೀಯಾ?" ಎಂದು ಎಲ್ಲರೆದುರೇ ಗದರಿದ್ದಾಳೆ. ಆ ರಾತ್ರಿ ಹೋಟೆಲ್ ರೂಮಿಗೆ ಅಕ್ಕನೂ ಬಂದಳು. 1979ರ ಮಾತು ಆಗ ಬಂತು, ಎತ್ತಿದ್ದು ಅಕ್ಕನೇ.

ಈ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. ಜಮೀನು ಯಾರ ಹೆಸರಲ್ಲಿದೆ, ಮನೆ ಕಟ್ಟಲು ಕಳಿಸಿದ ಹಣ ಏನಾಯಿತು ಎಂಬ ವ್ಯಾಜ್ಯ ನಡುವೆ ಇದ್ದರೆ, ತಿಥಿಯ ಅಡುಗೆಮನೆಯಲ್ಲಿ ಅದು ಕರಗುವುದಿಲ್ಲ. ಅಂಥವರಿಗೆ ನಾನು ಹೇಳುವುದು ಬೇರೆ: ಆ ಮಾತನ್ನು ಫೋನಿನಲ್ಲೇ ಮುಗಿಸಿ, ಆಮೇಲೆ ಟಿಕೆಟ್ ತೆಗೆಯಿರಿ.