ಅಪ್ಪನ ಬಲಗೈ ಮತ್ತು ಆ ಮ್ಯಾಗ್ನೆಟ್ ಚಿಕಿತ್ಸೆ

"ಅಪ್ಪನಿಗೆ ಲಕ್ವಾ ಹೊಡೆದು ಐದು ತಿಂಗಳಾಯ್ತು. ಮಂಡಕ್ಕಿ ಭಟ್ಟಿಯಲ್ಲಿ ದುಡಿದ ಬಲಗೈ ಈಗ ತೊಡೆ ಮೇಲೆ ಸುಮ್ನೆ ಬಿದ್ದಿರುತ್ತೆ. ನಡೀತಾರೆ, ಬೆರಳು ಸ್ವಲ್ಪ ಬಿಚ್ಚುತ್ತಾರೆ. ಬೆಂಗಳೂರಿನಲ್ಲಿ ತಲೆಗೆ ಮ್ಯಾಗ್ನೆಟ್ ಇಟ್ಟು ಕೈ ಸರಿ ಮಾಡ್ತಾರಂತೆ. ಅದಕ್ಕೆ ಸೈಟ್ ಮಾರೋಣ ಅಂತಾರೆ ಅಮ್ಮ. ಬ್ಯಾಟರಿ ಮಿಷನ್ ತರಿಸಿ ಮನೆಯಲ್ಲೇ ಕೊಡೋಣ ಅಂತಾನೆ ತಮ್ಮ. ಏನು ಮಾಡಲಿ?"
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ತಂಗಿ, ಮೊದಲು ಅಮ್ಮನಿಗೆ ಹೇಳಿ: ಇದಕ್ಕಾಗಿ ಸೈಟ್ ಮಾರಬೇಡಿ. ಯಾಕೆ ಅಂತ ಹೇಳುತ್ತೇನೆ.

ಆ ಚಿಕಿತ್ಸೆ ಸುಳ್ಳೇನಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ತಲೆಯ ಮೇಲೆ ತಂತಿಯ ಸುರುಳಿ ಹಿಡಿದು, ಅದರಲ್ಲಿ ಕ್ಷಣಮಾತ್ರ ಜೋರಾಗಿ ಕರೆಂಟ್ ಹರಿಸಿದರು. ಸುರುಳಿಯಿಂದ ಹೊಮ್ಮಿದ ಅಯಸ್ಕಾಂತದ ಹೊಡೆತ ಬುರುಡೆ ದಾಟಿ ಮಿದುಳನ್ನು ತಟ್ಟಿತು. ಕೈ ತಂತಾನೇ ಅದುರಿತು. ಇದೇ ಟಿಎಂಎಸ್. ಕೊಯ್ಯುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ. ಟಕ್ ಟಕ್ ಸದ್ದು ಜಾಸ್ತಿ, ಅದಕ್ಕೇ ಕಿವಿ ಮುಚ್ಚುತ್ತಾರೆ. ಮಾನಸಿಕ ಕಾಯಿಲೆಗೆ 'ಕರೆಂಟ್ ಕೊಡೋದು' ಅಂತ ಜನ ಹೇಳುವುದೇ ಬೇರೆ, ಇದೇ ಬೇರೆ. ಆ ಹೆದರಿಕೆ ಬೇಡ.

ಲಕ್ವಾಕ್ಕೆ ಇದನ್ನು ಯಾಕೆ ಬಳಸುತ್ತಾರೆ? ಮಿದುಳಿನ ಎರಡು ಭಾಗ ಜೋಡಿ ಎತ್ತಿನ ಹಾಗೆ. ಒಂದನ್ನೊಂದು ಹಿಡಿತದಲ್ಲಿ ಇಟ್ಟುಕೊಂಡೇ ನಡೆಯುತ್ತವೆ. ಒಂದು ಎತ್ತು ಕುಂಟಿದರೆ ಇನ್ನೊಂದು ನೊಗವನ್ನು ತನ್ನ ಕಡೆಗೇ ಎಳೆಯುತ್ತೆ, ಅಲ್ವಾ? ಅಪ್ಪನ ಬಲಗೈ ಆಡಿಸುವುದು ಮಿದುಳಿನ ಎಡಭಾಗ. ಅದಕ್ಕೆ ಪೆಟ್ಟಾದಾಗ ಬಲಭಾಗ ಅದನ್ನು ಇನ್ನಷ್ಟು ಅದುಮುತ್ತದೆ ಎನ್ನುವುದು ವೈದ್ಯರ ಲೆಕ್ಕ. ಹಾಗಾಗಿ ಚೆನ್ನಾಗಿರುವ ಕಡೆಗೆ ಸೆಕೆಂಡಿಗೆ ಒಂದರಂತೆ ನಿಧಾನವಾಗಿ ತಟ್ಟಿ ಅದನ್ನು ಸ್ವಲ್ಪ ಸುಮ್ಮನಿರಿಸುತ್ತಾರೆ. ಇಲ್ಲವೇ ಪೆಟ್ಟಾದ ಕಡೆಗೆ ಬೇಗ ಬೇಗ ತಟ್ಟಿ ಎಬ್ಬಿಸುತ್ತಾರೆ.

ಲೆಕ್ಕ ಚೆನ್ನಾಗಿದೆ. ಚಿಕ್ಕ ಚಿಕ್ಕ ಪರೀಕ್ಷೆಗಳಲ್ಲಿ ಒಳ್ಳೆಯ ಫಲ ಕಂಡದ್ದೂ ಇದೆ. ಆದರೆ 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯನ್ನು ನೀವು ತಿಳಿದುಕೊಳ್ಳಲೇಬೇಕು. ಅದರಲ್ಲಿದ್ದವರು 199 ಜನ. ಎಲ್ಲರಿಗೂ ಲಕ್ವಾ ಆಗಿ 3ರಿಂದ 12 ತಿಂಗಳು. ಅಂದರೆ ನಿಮ್ಮ ಅಪ್ಪನಂಥವರೇ. ಕೆಲವರಿಗೆ ನಿಜವಾದ ಟಿಎಂಎಸ್, ಉಳಿದವರಿಗೆ ತೋರಿಕೆಯದು. ಕೈ ವ್ಯಾಯಾಮ ಮಾತ್ರ ಎಲ್ಲರಿಗೂ, ಆರು ವಾರ. ಕೊನೆಗೆ ನಿಜವಾದದ್ದು ಪಡೆದವರಲ್ಲಿ ನೂರಕ್ಕೆ 67 ಜನರ ಕೈ ಸುಧಾರಿಸಿತ್ತು. ತೋರಿಕೆಯದು ಪಡೆದವರಲ್ಲಿ 65.

ಈ ಎರಡನೇ ಅಂಕಿಯನ್ನು ಇನ್ನೊಮ್ಮೆ ಓದಿ, ತಂಗಿ. ನಿಜವಾದ ಟಿಎಂಎಸ್ ಸಿಗದೆ ವ್ಯಾಯಾಮ ಮಾಡಿದವರಲ್ಲೂ ಮೂವರಲ್ಲಿ ಇಬ್ಬರ ಕೈ ಸುಧಾರಿಸಿತು! ನನಗೆ ಇದರಲ್ಲಿ ಕಾಣುವುದು ಭರವಸೆಯೇ.

ನಮ್ಮ ಅಕ್ಕನಿಗೆ ಹೀಗೇ ಆದಾಗ ನಾವೆಲ್ಲ ತುತ್ತು ಮಾಡಿ ಬಾಯಿಗಿಡುತ್ತಿದ್ದೆವು. ರವಿಕೆ ಗುಂಡಿಯನ್ನೂ ನಾವೇ ಹಾಕುತ್ತಿದ್ದೆವು. ಒಂದು ದಿನ ಫಿಸಿಯೋಥೆರಪಿಸ್ಟ್ ಬಂದು ನೋಡಿ, "ಎಲ್ಲ ಸೇರಿ ಇವರ ಕೈಗೆ ರಜೆ ಕೊಟ್ಟಿದ್ದೀರಲ್ಲ" ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಬಳಸದ ಕೈಯನ್ನು ಮಿದುಳು ಬಳಸುವುದನ್ನೇ ಬಿಡುತ್ತದೆ.

ಇದಕ್ಕೆ ಒಂದು ಗಟ್ಟಿ ದಾರಿ ಇದೆ. ಚೆನ್ನಾಗಿರುವ ಕೈಗೆ ದಪ್ಪ ಗವಸು ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದು. 2006ರಲ್ಲಿ ಪ್ರಕಟವಾದ 222 ಜನರ ಪರೀಕ್ಷೆಯಲ್ಲಿ ಎರಡೇ ವಾರದ ಇಂಥ ಅಭ್ಯಾಸದ ಫಲ ಒಂದು ವರ್ಷವಾದರೂ ಉಳಿದಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಇದು ಆಗುತ್ತದೆ. ಅಪ್ಪನ ಬೆರಳು ಬಿಚ್ಚುತ್ತವೆ ಅಂದಿರಲ್ಲ, ಹಾಗಾಗಿ ಕೇಳಿ ನೋಡಿ. ಊರಲ್ಲೇ ಚಿಗಟೇರಿ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳಿವೆ. ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆಂದು ಅಲ್ಲಿಂದಲೇ ವಿಚಾರಿಸಲು ಶುರು ಮಾಡಿ. ಕೈಯಲ್ಲಿ ಗವಸು ಇದ್ದಾಗ ಬೀಳದ ಹಾಗೆ ಯಾರಾದರೂ ಪಕ್ಕದಲ್ಲಿರಬೇಕು.

ಮನೆಯಲ್ಲಿ ಇವತ್ತೇ ಒಂದು ಕೆಲಸ ಶುರು ಮಾಡಬಹುದು. ಅಗಲವಾದ ತಟ್ಟೆಗೆ ಮಂಡಕ್ಕಿ ಸುರಿದು, ಒಂದು ಹಿಡಿ ಹುರಿಗಡಲೆ ಬೆರೆಸಿ. ಬಲಗೈಯಿಂದ ಕಡಲೆ ಆರಿಸಿ ಲೋಟಕ್ಕೆ ಹಾಕಲಿ. ಅದಾದ ಮೇಲೆ ಮಂಡಕ್ಕಿ, ಒಂದೊಂದೇ ಕಾಳು. ಬಿಗಿ ಹಿಡಿದರೆ ಪುಡಿ, ಸಡಿಲ ಬಿಟ್ಟರೆ ಜಾರುತ್ತದೆ. ಕಾದ ಮರಳಲ್ಲಿ ಅಕ್ಕಿ ಹುರಿದ ಕೈ ಅದು, ಮಂಡಕ್ಕಿಯ ಹದ ಅದಕ್ಕೆ ಗೊತ್ತು. ಸಿಟ್ಟು ಬರುತ್ತದೆ, ಅಳುವೂ ಬರಬಹುದು. ಆಗ ನಿಲ್ಲಿಸಿ, ಸಂಜೆ ಮತ್ತೆ ಕೂರಿಸಿ.

ತಮ್ಮನ ಬ್ಯಾಟರಿ ಮಿಷನ್ ಖಂಡಿತ ಬೇಡ. ಅದು ತಲೆಗೆ ಸಣ್ಣ ಕರೆಂಟ್ ಹರಿಸುವ ಟಿಡಿಸಿಎಸ್ ಎಂಬ ಚಿಕಿತ್ಸೆಯ ನಕಲು ಇರಬೇಕು. ಅದರಲ್ಲಿ ಉಪ್ಪುನೀರಲ್ಲಿ ನೆನೆಸಿದ ಸ್ಪಂಜು ಇಟ್ಟು 1ರಿಂದ 2 ಮಿಲಿಆಂಪ್ ಕರೆಂಟನ್ನು ಸುಮಾರು 20 ನಿಮಿಷ ಹರಿಸುತ್ತಾರೆ. ಜಾಗ ತಪ್ಪಿದರೆ ಉಪಯೋಗವಿಲ್ಲ, ಸ್ಪಂಜು ಒಣಗಿದರೆ ಚರ್ಮ ಸುಡಬಹುದು.

ಬೆಂಗಳೂರಿಗೆ ಹೋಗಲೇಬೇಕು ಅನಿಸಿದರೆ, ಅಪ್ಪನಿಗೆ ಫಿಟ್ಸ್ ಬಂದಿತ್ತಾ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ತಲೆಯೊಳಗೆ ಲೋಹದ ಕ್ಲಿಪ್ ಇದೆಯಾ ಅಂತ ಮೊದಲೇ ಹೇಳಿಬಿಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: "ಸಿಟ್ಟಿಂಗ್ ಮುಗಿದ ಕೂಡಲೇ ಕೈ ವ್ಯಾಯಾಮ ಯಾರು ಮಾಡಿಸ್ತಾರೆ, ಎಷ್ಟು ಹೊತ್ತು?" ಉತ್ತರ ಸಿಗದಿದ್ದರೆ ಎದ್ದು ಬನ್ನಿ.

ಬಿಪಿ ಮಾತ್ರೆ ಒಂದು ದಿನವೂ ತಪ್ಪದಿರಲಿ. ತಿಂಗಳ ಕೊನೆಗೆ ಮತ್ತೆ ಬರೆಯಿರಿ. ಲೋಟಕ್ಕೆ ಎಷ್ಟು ಕಡಲೆ ಬಿದ್ದವು ಅಂತ ಎಣಿಸಿ ತಿಳಿಸಿ, ಕಾಯುತ್ತಿರುತ್ತೇನೆ.