407ನ್ನು ನಂಬಿ ಬ್ರಾಂಪ್ಟನ್‌ನಲ್ಲಿ ಮನೆ ಮಾಡ್ಬೇಡ ತಮ್ಮಾ

ಬದಿಯಡ್ಕದ ತಮ್ಮಾ, ನೀನು ಕೇಳಿದ್ದು ಓದಿದೆ. ಕೆಲಸ ಕೆನಡಾದ ಟೊರೊಂಟೊ ಹತ್ರದ ಮಾರ್ಕಂನಲ್ಲಿ, ಅಲ್ಲೇ ಇನ್ನೊಂದು ಬದಿಯ ಬ್ರಾಂಪ್ಟನ್‌ನಲ್ಲಿ ಫ್ರೆಂಡ್ ಜೊತೆ ಬೇಸ್‌ಮೆಂಟ್ ಮಾಡಿದ್ರೆ ಬಾಡಿಗೆ ತಿಂಗಳಿಗೆ 300 ಡಾಲರ್ ಕಮ್ಮಿ ಆಗ್ತದೆ, ಮಧ್ಯದಲ್ಲಿ 407 ಅಂತ ಒಳ್ಳೆ ಖಾಲಿ ಹೈವೇ ಉಂಟಲ್ಲ ಅಕ್ಕಾ, ಅದ್ರಲ್ಲೇ ದಿನಾ ಹೋಗಿ ಬಂದ್ರೆ ಆಗ್ಲಿಕ್ಕಿಲ್ವಾ ಅಂತ. ಬೇಡ, ಅದು ಟೋಲ್ ರಸ್ತೆ. ನಾನು ಇಲ್ಲಿಗೆ ಬಂದು ಹದಿನೇಳು ವರ್ಷ ಆಯ್ತು, ಅಡ್ವಾನ್ಸ್ ಕೊಡುವ ಮೊದಲು ಇದನ್ನೊಂದು ಪೂರ್ತಿ ಓದು.

ನಮ್ಮ ಕಡೆಯವರಿಗೆ ಟೋಲ್ ಅಂದ್ರೆ ತಲಪಾಡಿ. ಮಂಗಳೂರಿಗೆ ಆಸ್ಪತ್ರೆಗೋ ಕಾಲೇಜಿಗೋ ಹೋಗುವಾಗ ಗೇಟ್, ಕ್ಯೂ, ಫಾಸ್ಟ್ಯಾಗ್, ಬೆಳಿಗ್ಗೆ ಹೋದ್ರೂ ನಡುರಾತ್ರಿ ಹೋದ್ರೂ ರೇಟ್ ಒಂದೇ. 407ರಲ್ಲಿ ಗೇಟೇ ಇಲ್ಲ ಮಾರಾಯಾ. ರ‍್ಯಾಂಪ್ ಹತ್ತುವಾಗ ಮೇಲೆ ಸಾಲಾಗಿ ಕ್ಯಾಮರಾ ಇರ್ತದೆ, ಅದು ನಂಬರ್ ಪ್ಲೇಟಿನ ಫೋಟೋ ತೆಗೀತದೆ, ಇಳಿಯುವಾಗ ಇನ್ನೊಂದು ಸಲ, ಆಮೇಲೆ ಎಷ್ಟು ಕಿಲೋಮೀಟರ್ ಹೋದಿ, ಯಾವ ಹೊತ್ತಿಗೆ, ಯಾವ ಜೋನ್, ಯಾವ ದಿಕ್ಕಿಗೆ ಅಂತ ಎಲ್ಲ ಲೆಕ್ಕ ಹಾಕಿ ಬಿಲ್ ಮನೆಗೆ ಬರ್ತದೆ. ಎಲ್ಲರೂ ಆಫೀಸಿಗೆ ಹೊರಡುವ ಹೊತ್ತಿಗೇ ರೇಟ್ ಏರಿರ್ತದೆ. ಬ್ರಾಂಪ್ಟನ್‌ನಿಂದ ಮಾರ್ಕಂಗೆ ಪೀಕ್ ಅವರ್‌ನಲ್ಲಿ ಹೋಗಿ ಬರ್ಲಿಕ್ಕೆ ಸುಲಭದಲ್ಲಿ 40 ಡಾಲರ್ ದಾಟ್ತದೆ, ತಿಂಗಳಿಗೆ 20 ದಿನ ಅಂದ್ರೆ 800. ನೀನು ಉಳಿಸ್ತೇನೆ ಅಂತ ಹೇಳಿದ್ದು 300.

ಆ ರಸ್ತೆ ಖಾಲಿ ಕಾಣುದೂ ಅದೇ ಕಾರಣಕ್ಕೆ. ಪಕ್ಕದ 401 ಹೈವೇ ಫ್ರೀ, ಟೊರೊಂಟೊದ ಒಳಗೆ ಅದ್ರ ಕೆಲವು ಭಾಗದಲ್ಲಿ ದಿನಕ್ಕೆ ನಾಲ್ಕು ಲಕ್ಷಕ್ಕೂ ಜಾಸ್ತಿ ಗಾಡಿ ಓಡ್ತದೆ. ಆ ರಶ್ ಕಮ್ಮಿ ಮಾಡ್ಲಿಕ್ಕೆ ಅಂತಲೇ ನಮ್ಮ ಪ್ರಾಂತ್ಯದ, ಅಂದ್ರೆ ಒಂಟಾರಿಯೊದ ಸರಕಾರ 407 ಕಟ್ಟಿಸಿ 1997ರಲ್ಲಿ ಓಪನ್ ಮಾಡಿದ್ದು. ಎರಡೇ ವರ್ಷ, 1999ರಲ್ಲಿ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಮೈಕ್ ಹ್ಯಾರಿಸ್ ಸರಕಾರ ಅದನ್ನು ಪ್ರೈವೇಟ್ ಕಂಪನಿಗೆ ಸುಮಾರು 310 ಕೋಟಿ ಡಾಲರಿಗೆ 99 ವರ್ಷ ಲೀಸಿಗೆ ಕೊಟ್ಟಿತು, ಅಂದ್ರೆ 2098ರವರೆಗೆ. ನನಗೆ ಇವತ್ತಿಗೂ ಬೇಜಾರಾಗುದು ಈ ವಿಷಯಕ್ಕೆ. ಗಾಡಿಯ ಸಂಖ್ಯೆ ಅಗ್ರಿಮೆಂಟಿನಲ್ಲಿ ಹೇಳಿದ್ದಕ್ಕಿಂತ ಕೆಳಗೆ ಇಳಿಯದಿದ್ರೆ ಸಾಕು, ರೇಟ್ ಏರಿಸ್ಲಿಕ್ಕೆ ಕಂಪನಿ ಸರಕಾರವನ್ನು ಕೇಳ್ಬೇಕಂತ ಇಲ್ಲ. ಲಾರಿಗೆ ಕಾರಿಗಿಂತ ಎಷ್ಟೋ ಜಾಸ್ತಿ ಟೋಲ್, ಹಾಗಾಗಿ ಹೆಚ್ಚಿನ ಲಾರಿಯವರು 401 ಬಿಟ್ಟು ಬರುದಿಲ್ಲ, ಅವ್ರನ್ನು 407ಕ್ಕೆ ಕಳ್ಸಿದ್ರೆ 401ರಲ್ಲಿ ಎಷ್ಟು ಜನಕ್ಕೆ ಉಸಿರಾಡ್ಲಿಕ್ಕಾಗ್ತಿತ್ತು! ಪ್ರೈವೇಟಿನವ್ರು ರಸ್ತೆ ನಡೆಸ್ಲೇ ಬಾರದು ಅಂತ ನಾನು ಹೇಳುದಲ್ಲ, ರಿಪೇರಿ, ಹಿಮ ತೆಗೆಯುದು ಎಲ್ಲ ಅಚ್ಚುಕಟ್ಟು ಮಾಡ್ತಾರೆ. ಆದ್ರೆ ರೇಟಿನ ಹಗ್ಗ ಸರಕಾರದ ಕೈಯಲ್ಲಿ ಇರ್ಬೇಕಿತ್ತು. ಇಲ್ಲಿಯ ವಿಂಡ್ಸರ್‌ನಿಂದ ಅಮೆರಿಕದ ಡೆಟ್ರಾಯಿಟಿಗೆ ಹೋಗುವ ಅಂಬಾಸಿಡರ್ ಬ್ರಿಜ್ ಕೂಡ ಪ್ರೈವೇಟೇ, 1929ರದ್ದು, ಎರಡು ದೇಶದ ಲಾರಿಗಳೆಲ್ಲ ಆ ಒಂದು ಸೇತುವೆಗೆ ಕಾದು ಕಾದು ಕೊನೆಗೆ ಅಲ್ಲೇ ಹತ್ತಿರ ಕೆನಡಾ ಸರಕಾರವೇ ದುಡ್ಡು ಹಾಕಿ ಗೋರ್ಡಿ ಹೌ ಸೇತುವೆ ಕಟ್ಟಿಸ್ಬೇಕಾಯ್ತು.

ಹಾಗಂತ ನಾನು 407 ಹತ್ತುದೇ ಇಲ್ಲ ಅಂತಲ್ಲ. ಒಂದು ನವೆಂಬರಿನಲ್ಲಿ ಪೆರ್ಲದಿಂದ ಅಣ್ಣನ ಫೋನ್ ಬಂತು, ಅಪ್ಪನಿಗೆ ಸೀರಿಯಸ್, ಕೂಡ್ಲೇ ಹೊರಡು ಅಂತ. ಸಂಜೆ ಐದು ಗಂಟೆ, ನಾವಿದ್ದದ್ದು ಮಾರ್ಕಂನಲ್ಲಿ. ಮೇಲ್ಸೇತುವೆಯಿಂದ ನೋಡಿದ್ರೆ ಕೆಳಗೆ ಹೈವೇ ಉದ್ದಕ್ಕೂ ಕೆಂಪು ಬ್ರೇಕ್ ಲೈಟ್, ಒಂದೂ ಅಲ್ಲಾಡುದಿಲ್ಲ. ಇವರು ಒಂದು ಮಾತೂ ಆಡದೆ ಕಾರ್ ತಿರುಗಿಸಿ 407 ಹತ್ತಿಸಿದ್ರು, ಕನ್ನಡಿ ಹಿಂದೆ ಅಂಟಿಸಿದ ಡಬ್ಬಿ ಬೀಪ್ ಅಂದ ಶಬ್ದ ನಂಗೆ ಈಗ್ಲೂ ಕಿವಿಯಲ್ಲುಂಟು. ಆಮೇಲೆ 427 ಹೈವೇ ಹಿಡಿದು ಏರ್‌ಪೋರ್ಟ್ ಮುಟ್ಟಿದೆವು, ಫ್ಲೈಟ್ ಸಿಕ್ಕಿತು, ಅಪ್ಪನ ಹತ್ರ ಎರಡು ದಿನ ಕೂತುಕೊಳ್ಲಿಕ್ಕೆ ಸಿಕ್ಕಿತು. ಅಂಥಾ ದಿನಕ್ಕೆ ಆ ರಸ್ತೆ ಬೇಕು, ಎಷ್ಟಾದ್ರೂ ಕೊಡು.

ಇನ್ನೊಂದು, ಇದು ನನ್ನದೇ ತಪ್ಪು, ನೀನು ಮಾಡ್ಬೇಡ. ಮನೆ ಬದ್ಲಿಸಿದಾಗ ಪ್ಲೇಟಿನ ಅಡ್ರೆಸ್ ಬದ್ಲಿಸ್ಲಿಕ್ಕೆ ಮರ್ತು ಹೋಯ್ತು, ಬಿಲ್ ಎಲ್ಲ ಹಳೇ ಮನೆಗೆ ಹೋಗಿ ಬಡ್ಡಿ ಬೆಳೀತಾ ಬಂತು. ಬಿಲ್ ಬಾಕಿ ಇಟ್ರೆ ಪ್ಲೇಟ್ ರಿನ್ಯೂ ಮಾಡುದಿಲ್ಲ ಇಲ್ಲಿ, ಗಾಡಿ ರಸ್ತೆಗೆ ಇಳಿಸ್ಲಿಕ್ಕಿಲ್ಲ. ಶುರುವಿಗೆ ನೀನು ಬಾಡಿಗೆ ಕಾರ್ ತಗೊಳ್ಳುದಲ್ವಾ, ಅದ್ರಲ್ಲಿ 407 ಹತ್ತಿದ್ರೆ ಟೋಲಿನ ಮೇಲೆ ಬಾಡಿಗೆಯವರ ಚಾರ್ಜೂ ಸೇರ್ತದೆ. ಮ್ಯಾಪಿನಲ್ಲಿ ಟೋಲ್ ಬೇಡ ಅನ್ನುವ ಸೆಟ್ಟಿಂಗ್ ಉಂಟು, ಇಳಿದ ದಿನವೇ ಆನ್ ಮಾಡು. ಆಗಾಗ ಹೋಗುದಾದ್ರೆ ಟ್ರಾನ್ಸ್‌ಪಾಂಡರ್, ಅಂದ್ರೆ ಕನ್ನಡಿ ಹಿಂದೆ ಅಂಟಿಸುವ ಆ ಬೀಪ್ ಡಬ್ಬಿ, ತಗೊ, ಇಲ್ಲದಿದ್ರೆ ಒಂದೊಂದು ಟ್ರಿಪ್ಪಿಗೂ ಕ್ಯಾಮರಾ ಚಾರ್ಜ್ ಬೇರೆ. 407ರಲ್ಲಿ ಪಿಕರಿಂಗ್ ಊರಿನ ಬ್ರಾಕ್ ರೋಡಿನಿಂದ ಪೂರ್ವಕ್ಕೆ ಇರುವ ಭಾಗ ಮಾತ್ರ ಸರಕಾರದ್ದು, ಅಲ್ಲಿ 2025ರ ಜೂನ್ 1ರಿಂದ ಟೋಲ್ ತೆಗ್ದಿದ್ದಾರೆ, ಆದ್ರೆ ನಿನ್ನ ದಾರಿಗೆ ಅದು ಬರುದಿಲ್ಲ.

ಬ್ರಾಂಪ್ಟನ್ನೇ ಬೇಕು ಅಂತಾದ್ರೆ ಬಸ್ಸು ನೋಡು. 407ರ ಮೇಲೆ ಸರಕಾರದ ಗೋ (GO) ಬಸ್ ಓಡ್ತದೆ, ಹೈವೇ 407 ಅಂತ ಮೆಟ್ರೋ ಸ್ಟೇಷನ್ನೇ ಉಂಟು 2017ರಿಂದ, ಅಲ್ಲಿ ಬಸ್ಸು ಬದ್ಲಿಸ್ಬಹುದು. ಒಂದೇ ಟಿಕೆಟಿನ ದುಡ್ಡಿನಲ್ಲಿ ಕೂತು, ನಿದ್ದೆ ಮಾಡಿ ಹೋಗ್ಬಹುದು, ಹೊತ್ತು ಮಾತ್ರ ಜಾಸ್ತಿ ಬೇಕು. ನನ್ನನ್ನು ಕೇಳಿದ್ರೆ ಮಾರ್ಕಂನಲ್ಲೋ ಸ್ಕಾರ್ಬರೋದ ಉತ್ತರದಲ್ಲೋ ಒಂದು ರೂಮ್ ಹುಡುಕು, 300 ಜಾಸ್ತಿ ಹೋದ್ರೂ ಹೋಗ್ಲಿ.

ಆಫೀಸಿನ ಅಡ್ರೆಸ್ ಕಳ್ಸು, ಯಾವ ಬಸ್ ಹತ್ರ ಅಂತ ಶನಿವಾರ ನೋಡಿ ಹೇಳ್ತೇನೆ. ಬರುವಾಗ ದಪ್ಪ ಜಾಕೆಟ್ ಊರಿಂದ ತರ್ಬೇಡ, ಇಲ್ಲೇ ತಗೊಳ್ಳುವ.